ಕಂದು ಅಲ್ಲೀದು, ಮಣ್ಣು ಬೇರೆ ಕಡೇದು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ಕೇಳುವುದೆಂದರೆ ಸಣ್ಣದೊಂದು ಪರೀಕ್ಷೆಗೆ ಕೂತ ಹಾಗೆ. ಕೇಳುವವರಿಗೆ ಹಣ್ಣಿನ ಗುರುತು ಇದೆಯೋ ಇಲ್ಲವೋ ಎಂದು ವ್ಯಾಪಾರಿ ಮೊದಲು ಮುಖ ನೋಡುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಹೋದ ಶ್ರಾವಣದಲ್ಲಿ ಒಂದು ಚಿಪ್ಪು ಕೈಗೆತ್ತಿಕೊಂಡು, “ಇದು ನಂಜನಗೂಡಿಂದೇನಾ ಯಜಮಾನ್ರೇ?” ಅಂದೆ. ಹಿರಿಯರು ಸುಳ್ಳು ಹೇಳಲಿಲ್ಲ. “ಕಂದು ಅಲ್ಲೀದು ಕಣಮ್ಮ, ಮಣ್ಣು ಮಾತ್ರ ಬೇರೆ ಕಡೇದು” ಅಂದರು.

ಹಣ್ಣು ಎರಡು ದಿನದಲ್ಲಿ ಮುಗಿಯಿತು, ಮಾತು ಉಳಿಯಿತು. ಜೀವವಿಜ್ಞಾನದ ಪಠ್ಯ ಎರಡು ಅಧ್ಯಾಯಗಳಲ್ಲಿ ಹೇಳುವುದನ್ನು ಅವರು ಒಂದೇ ಉಸಿರಿಗೆ ಹೇಳಿದ್ದರು. ಕಂದು ಎಂದರೆ ನೆಲದೊಳಗಿನ ಬಾಳೆಗಡ್ಡೆಯ ಪಕ್ಕದಿಂದ ಏಳುವ ಮರಿ. ಅದನ್ನು ಅಗೆದು ಇನ್ನೊಂದು ಜಿಲ್ಲೆಗೆ ಒಯ್ದು ನೆಟ್ಟರೂ ರಸಬಾಳೆಯೇ ಬರುತ್ತದೆ. ಮಾವಿನ ಓಟೆ ನೆಟ್ಟವರು ಯಾರೂ ಇಷ್ಟು ಧೈರ್ಯದಿಂದ ಮಾತು ಕೊಡಲಾರರು. ನಂಜನಗೂಡಿನ ಕಪ್ಪು ಮಣ್ಣು ಹಣ್ಣಿಗೆ ಬೇರೆಯದೇ ಘಮ ಕೊಡುತ್ತದೆ ಎನ್ನುವವರು ಈಗಲೂ ಇದ್ದಾರೆ. 2005ರ ಹೊತ್ತಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದ್ದೂ ಊರು ಮತ್ತು ಹಣ್ಣು ಸೇರಿದ ಆ ಹೆಸರಿಗೇ. ಆದರೆ ಮಣ್ಣು ಬದಲಾದರೂ ಬದಲಾಗದೆ ಉಳಿಯುವುದೇನು, ಅದು ಹೇಗೆ ಉಳಿಯುತ್ತದೆ ಎಂಬುದು ಈ ಬರಹದ ವಿಷಯ.

ಬಾಳೆಗೆ ಕಂದು ಬಿಟ್ಟರೆ ಬೇರೆ ದಾರಿಯೂ ಇಲ್ಲ. ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಿ, ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿವೆ. ಬೀಜವಾಗಬೇಕಿದ್ದು ಆಗದೇ ನಿಂತವು ಅವು. ಕಾಡುಬಾಳೆಯಲ್ಲಿ ಅದೇ ಜಾಗದಲ್ಲಿ ಹಲ್ಲು ಮುರಿಯುವಂಥ ಬೀಜಗಳು ತುಂಬಿರುತ್ತವೆ. ರಸಬಾಳೆಯ ಪ್ರತಿ ಜೀವಕೋಶದಲ್ಲೂ 33 ವರ್ಣತಂತುಗಳಿವೆ, ಅಂದರೆ ಹನ್ನೊಂದರ ಮೂರು ಕಂತೆ. ಎರಡು ಜಾತಿಯ ಕಾಡುಬಾಳೆಗಳು ಎಂದೋ ಕೂಡಿದ್ದರ ಫಲ ಇದು, ಎರಡು ಕಂತೆ ಒಂದರದು, ಒಂದು ಕಂತೆ ಇನ್ನೊಂದರದು. ಬೀಜ ಕಟ್ಟಬೇಕಾದರೆ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಂತು, ಆಮೇಲೆ ಅರ್ಧಕ್ಕೆ ಇಳಿಯಬೇಕು. ಮೂವರನ್ನು ಜೋಡಿಯಾಗಿ ನಿಲ್ಲಿಸಲು ಹೋದರೆ ಒಬ್ಬ ಯಾವಾಗಲೂ ಹೊರಗೆ ಉಳಿಯುತ್ತಾನೆ. ಹಾಗಾಗಿ ಗಂಡು ಹೆಣ್ಣು ಕೂಡಿ ಹುಟ್ಟುವ ದಾರಿ ಈ ಗಿಡಕ್ಕೆ ಮುಚ್ಚಿಹೋಗಿದೆ. ಉಳಿದಿರುವುದು ಒಂದು ಕೋಶ ಎರಡಾಗಿ, ಎರಡೂ ಮೊದಲಿನದರ ಪಡಿಯಚ್ಚಾಗಿ ಮುಂದುವರಿಯುವ ದಾರಿ. ಅದರ ಹೆಸರು ಮೈಟಾಸಿಸ್. ನಂಜನಗೂಡಿನ ದೇವರಸನಹಳ್ಳಿಯ ಸುತ್ತ ಹಿಂದೆ ಬೆಳೆದ ರಸಬಾಳೆಗೂ, ಆ ಹಿರಿಯರ ಬುಟ್ಟಿಯಲ್ಲಿದ್ದ ಚಿಪ್ಪಿಗೂ ನಡುವೆ ಇರುವುದು ಮೈಟಾಸಿಸ್‌ಗಳ ಒಂದು ಉದ್ದ ಸರಪಳಿ ಮಾತ್ರ.

ಎರಡೂ ಕೋಶ ಒಂದೇ ಥರ ಏಕಿರುತ್ತವೆ ಎಂದು ಕೇಳಿದರೆ ಪರೀಕ್ಷೆಯಲ್ಲಿ ಬರೆಯುವ ಉತ್ತರ ಎಲ್ಲರಿಗೂ ಬಾಯಿಪಾಠ: “ವಿಭಜನೆಗೆ ಮುಂಚೆ ಡಿಎನ್‌ಎ ನಕಲಾಗುತ್ತದೆ.” ಈ ಉತ್ತರಕ್ಕೆ ಪೂರ್ತಿ ಅಂಕ ಬರುತ್ತದೆ. ನನ್ನನ್ನು ಕೇಳಿದರೆ ಅರ್ಧ ಕೊಡಬೇಕು. ನಕಲು ಮಾಡುವುದು ಒಂದು ಕೆಲಸ, ಮಾಡಿದ ನಕಲನ್ನು ತಪ್ಪಿಲ್ಲದೆ ಪಾಲು ಮಾಡುವುದು ಇನ್ನೊಂದು. ಕಷ್ಟದ್ದು ಎರಡನೆಯದು.

*

ನಾನು ಮೈಟಾಸಿಸ್ ಮೊದಲು ನೋಡಿದ್ದು ಈರುಳ್ಳಿಯಲ್ಲಿ. ಕಾಲೇಜಿನ ಪ್ರಯೋಗಾಲಯದ ಕಿಟಕಿಯ ಮೇಲೆ ನೀರು ತುಂಬಿದ ಲೋಟಗಳು, ಒಂದೊಂದರ ಬಾಯಿಗೆ ಒಂದೊಂದು ಈರುಳ್ಳಿ. ಎರಡು ಮೂರು ದಿನಕ್ಕೆ ಬುಡದಲ್ಲಿ ಬಿಳಿ ಬೇರಿನ ಗಡ್ಡ. ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಕತ್ತರಿಸಿ, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಮೇಲೊಂದು ಗಾಜಿನ ಚೂರಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಮೊದಲನೇ ಸಲ ಒತ್ತಿದ್ದು ಜಾಸ್ತಿಯಾಗಿ ಗಾಜು ಚಟ್ಟೆಂದಿತು. ಎರಡನೇ ಸಲ ಕಂಡದ್ದು ಬರೀ ಗುಲಾಬಿ ಮಸುಕು. ಮೇಡಂ ಬಂದು ಸೂಕ್ಷ್ಮದರ್ಶಕದ ತಿರುಪು ಒಂಚೂರು ತಿರುಗಿಸಿ, “ಈಗ ನೋಡಮ್ಮ” ಅಂದರು. ಇಟ್ಟಿಗೆ ಜೋಡಿಸಿದಂತೆ ಕೋಶಗಳ ಸಾಲು, ಹೆಚ್ಚಿನವುಗಳ ನಡುವೆ ಬರೀ ಒಂದು ಕೆಂಪು ಉಂಡೆ. ಆದರೆ ಒಂದು ಕೋಶದಲ್ಲಿ ಉಂಡೆಯಿರಲಿಲ್ಲ. ಶಾವಿಗೆ ತುಂಡುಗಳಂಥವು ಎರಡು ಗುಂಪಾಗಿ, ಒಂದು ಗುಂಪು ಮೇಲಕ್ಕೆ, ಇನ್ನೊಂದು ಕೆಳಕ್ಕೆ, ಬಾಲ ಎಳೆದುಕೊಂಡು ಹೊರಟಂತೆ ನಿಂತಿದ್ದವು. ಈರುಳ್ಳಿಗೆ 16 ವರ್ಣತಂತು, ಒಂದೊಂದೂ ದಪ್ಪ. ಅದರ ಕೋಶದಲ್ಲಿ ಮನುಷ್ಯನ ಕೋಶದಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಡಿಎನ್‌ಎ ಇದೆ. ಕೇಳಿ ನಮ್ಮ ಬುದ್ಧಿವಂತಿಕೆಯ ಜಂಬ ಇಳಿಯಬಹುದು, ಆದರೆ ಪ್ರಯೋಗಾಲಯದಲ್ಲಿ ಈರುಳ್ಳಿಗೇ ಮರ್ಯಾದೆ ಇರುವುದಕ್ಕೆ ಈ ದಪ್ಪವೂ ಒಂದು ಕಾರಣ.

ಈ ಶಾವಿಗೆಯ ಓಟವನ್ನು ಮೊದಲು ಸರಿಯಾಗಿ ಹಿಂಬಾಲಿಸಿದವರಲ್ಲಿ ಮುಖ್ಯನಾದವನು ಜರ್ಮನಿಯ ಕೀಲ್ ಊರಿನಲ್ಲಿದ್ದ ವಾಲ್ಟರ್ ಫ್ಲೆಮಿಂಗ್. ಅವನು ನೋಡಿದ್ದು ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳ ಬಾಲ ಮತ್ತು ಕಿವಿರಿನ ಕೋಶಗಳನ್ನು. ಬಟ್ಟೆಗೆ ಹಾಕಲೆಂದು ಆಗಷ್ಟೇ ಬಂದಿದ್ದ ಹೊಸ ಬಣ್ಣಗಳನ್ನು ಕೋಶಗಳಿಗೂ ಹಾಕಿ, ನಿಂತ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದರ ನಂತರ ಯಾವುದು ಎಂದು ಅವನು ಕ್ರಮ ಕಟ್ಟಿದ. 1882ರಲ್ಲಿ ಬಂದ ಅವನ ಪುಸ್ತಕದ ಚಿತ್ರಗಳು ಈಗಲೂ ಹಳತಾಗಿಲ್ಲ. ಗ್ರೀಕಿನಲ್ಲಿ ನೂಲಿಗಿರುವ ಹೆಸರಿನಿಂದ ‘ಮೈಟಾಸಿಸ್’ ಎಂಬ ಪದ ಮಾಡಿದವನೂ ಅವನೇ. ಅವನು ಕಂಡ ಬಹಳ ಮುಖ್ಯ ಸಂಗತಿ ಒಂದಿತ್ತು: ನೂಲು ಅಡ್ಡಕ್ಕೆ ತುಂಡಾಗುವುದಿಲ್ಲ, ಉದ್ದಕ್ಕೆ ಸೀಳುತ್ತದೆ. ತೆಂಗಿನ ಗರಿಯ ಕಡ್ಡಿಯನ್ನು ನಡುವೆ ಮುರಿಯುವುದಕ್ಕೂ, ತುದಿಯಿಂದ ಬುಡದವರೆಗೆ ಸೀಳುವುದಕ್ಕೂ ಇರುವ ವ್ಯತ್ಯಾಸ ಅದು.

ಇಷ್ಟಕ್ಕೆ ಮುಂದಿನ ವರ್ಷ ಇನ್ನೊಬ್ಬ ಜರ್ಮನ್, ವಿಲ್ಹೆಲ್ಮ್ ರೂ, ಒಂದು ಚಂದದ ತರ್ಕ ಹೂಡಿದ. ಕೋಶಕೇಂದ್ರದೊಳಗಿನ ವಸ್ತು ಎಲ್ಲೆಡೆ ಒಂದೇ ಥರ ಇದ್ದಿದ್ದರೆ ಈ ಆಡಂಬರವೆಲ್ಲ ಯಾಕೆ ಬೇಕಿತ್ತು? ಮುದ್ದೆಯನ್ನು ಎರಡು ಮಾಡುವ ಹಾಗೆ ನಡುವೆ ಅದುಮಿದ್ದರೆ ಸಾಕಿತ್ತು. ಎಳೆಯನ್ನು ಉದ್ದಕ್ಕೆ ಸೀಳುವಷ್ಟು ಕಷ್ಟ ಪಡಬೇಕಾದರೆ, ಆ ಎಳೆಯ ಉದ್ದಕ್ಕೂ ಒಂದೊಂದು ಜಾಗದಲ್ಲಿ ಒಂದೊಂದು ಬೇರೆ ಸಂಗತಿ ಕೂತಿರಬೇಕು, ಅದರಲ್ಲಿ ಯಾವುದೂ ಒಂದು ಕಡೆಗೆ ತಪ್ಪಿಹೋಗಬಾರದು. ಜೀನ್ ಎಂಬ ಪದವೇ ಇಲ್ಲದ ಕಾಲ ಅದು. ಮೆಂಡೆಲ್‌ನ ಬಟಾಣಿ ಲೆಕ್ಕ 1866ರಲ್ಲೇ ಅಚ್ಚಾಗಿದ್ದರೂ ಅದಕ್ಕೆ ಕಿವಿಗೊಟ್ಟವರಿರಲಿಲ್ಲ. ಯಂತ್ರದ ನಡೆ ನೋಡಿಯೇ, ಒಳಗಿನ ಸರಕು ಎಂಥದ್ದಿರಬೇಕು ಎಂದು ರೂ ಊಹಿಸಿದ್ದ. ಆಮೇಲೆ ಅವನೇ ದಾರಿ ತಪ್ಪಿದ, ಅದನ್ನು ಮುಂದೆ ಹೇಳುತ್ತೇನೆ.

*

ನಕಲಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವಳು ಅತ್ತಿಮಬ್ಬೆ. ಹತ್ತನೇ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ. ಆ ಸಾವಿರ ಪ್ರತಿಗಳೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವೇ? ಆಗಿರಲಾರವು. ಓಲೆಗರಿ ಬರೆಯುವವನ ಕಣ್ಣು ಒಂದು ಸಾಲು ಹಾರುತ್ತದೆ, ಕೈ ಒಂದು ಕೊಂಬು ಬಿಡುತ್ತದೆ. ಆ ತಪ್ಪಿನ ಪ್ರತಿಯಿಂದ ಇನ್ನೊಬ್ಬ ನಕಲು ಮಾಡಿದರೆ ತಪ್ಪು ಮುಂದಕ್ಕೆ ಹೋಗುತ್ತದೆ, ಜೊತೆಗೆ ಅವನದೂ ಒಂದು ಸೇರುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಪುಟದ ಅಡಿಯಲ್ಲಿ ಕೊಡುವ ಪಾಠಾಂತರಗಳ ಸಾಲು ಹುಟ್ಟಿದ್ದು ಹೀಗೆ. ಇಷ್ಟಾದರೂ ಓಲೆಗರಿಗೆ ಒಂದು ಅನುಕೂಲವಿದೆ. ಮೂಲಪ್ರತಿಗೆ ಗೆದ್ದಲು ಹಿಡಿಯದಿದ್ದರೆ ಅದರ ಜೊತೆ ಹೋಲಿಸಿ ತಿದ್ದಬಹುದು.

ಜೀವಕೋಶದಲ್ಲಿ ಮೂಲಪ್ರತಿ ಎಂಬುದೇ ಇಲ್ಲ. ಡಿಎನ್‌ಎ ಎರಡು ಎಳೆಗಳ ಹುರಿ. ಎದುರುಬದುರು ಕೂರುವ ಅಕ್ಷರಗಳಿಗೆ ಕಟ್ಟುನಿಟ್ಟಿನ ಜೋಡಿಯಿದೆ: ಒಂದೆಡೆ ‘ಎ’ ಇದ್ದರೆ ಎದುರಿಗೆ ‘ಟಿ’, ‘ಜಿ’ ಇದ್ದರೆ ಎದುರಿಗೆ ‘ಸಿ’. ನಕಲಾಗುವಾಗ ಹುರಿ ಬಿಚ್ಚಿಕೊಳ್ಳುತ್ತದೆ, ಒಂದೊಂದು ಹಳೆಯ ಎಳೆಯೂ ತನ್ನ ಎದುರಿಗೆ ಹೊಸ ಎಳೆ ಕಟ್ಟಿಸಿಕೊಳ್ಳುತ್ತದೆ. ಕೊನೆಗೆ ಸಿಗುವುದು ಎರಡು ಹುರಿ, ಎರಡರಲ್ಲೂ ಅರ್ಧ ಹಳತು, ಅರ್ಧ ಹೊಸತು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಹೀಗಿರಬಹುದು ಎಂದಿದ್ದನ್ನು 1958ರಲ್ಲಿ ಮೆಸೆಲ್‌ಸನ್ ಮತ್ತು ಸ್ಟಾಲ್ ಎಂಬಿಬ್ಬರು ಬ್ಯಾಕ್ಟೀರಿಯಾಕ್ಕೆ ಭಾರದ ನೈಟ್ರೋಜನ್ ತಿನ್ನಿಸಿ, ಆಮೇಲೆ ಹಗುರದ್ದು ತಿನ್ನಿಸಿ, ಡಿಎನ್‌ಎಯ ತೂಕ ನೋಡಿ ಸಾಬೀತು ಮಾಡಿದರು. ಪುಸ್ತಕಗಳೆಲ್ಲ ಅದನ್ನು ಹೊಗಳುತ್ತವೆ. ನನಗೆ ಅದಕ್ಕಿಂತ ಒಂದು ವರ್ಷ ಮುಂಚೆ ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಅವರೆಯ ಜಾತಿಯ ಒಂದು ಕಾಳಿನ ಬೇರುತುದಿಯಲ್ಲಿ ಮಾಡಿದ್ದು ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಇಡೀ ವರ್ಣತಂತುವೇ ಕಣ್ಣಿಗೆ ಕಾಣುತ್ತದೆ. ವಿಕಿರಣ ಸೂಸುವ ಸರಕು ಕೊಟ್ಟು ಒಂದು ಸಲ ನಕಲಾಗಲು ಬಿಟ್ಟರು. ಸೀಳಿದ ಎರಡೂ ಎಳೆಗಳಲ್ಲಿ ಗುರುತು ಇತ್ತು. ಆ ಸರಕು ನಿಲ್ಲಿಸಿ ಇನ್ನೊಂದು ಸಲ ಬಿಟ್ಟರು. ಈಗ ಜೋಡಿಯಲ್ಲಿ ಒಂದಕ್ಕೆ ಗುರುತಿದೆ, ಇನ್ನೊಂದಕ್ಕಿಲ್ಲ. ಹಳತು ಎಲ್ಲಿ ಹೋಯಿತು, ಹೊಸತು ಎಲ್ಲಿ ಕೂತಿತು ಎಂಬುದು ಫೋಟೋ ಫಿಲ್ಮಿನ ಮೇಲೆ ಕಪ್ಪು ಚುಕ್ಕೆಗಳಾಗಿ ಮೂಡಿತ್ತು.

ಅಂದರೆ ವಿಭಜನೆಯ ನಂತರ ಯಾವುದು ತಾಯಿ, ಯಾವುದು ಮಗಳು ಎಂದು ಕೇಳುವುದು ತಪ್ಪು ಪ್ರಶ್ನೆ. ತಾಯಿ ಉಳಿಯುವುದಿಲ್ಲ, ಎರಡು ಮಕ್ಕಳಲ್ಲಿ ಸಮನಾಗಿ ಕರಗಿರುತ್ತಾಳೆ.

ಲಿಪಿಕಾರನ ತಪ್ಪುಗಳು ಇಲ್ಲೂ ಆಗುತ್ತವೆ. ಹೊಸ ಎಳೆ ಕಟ್ಟುವ ಕಿಣ್ವ ಸರಿಸುಮಾರು ಲಕ್ಷ ಅಕ್ಷರಕ್ಕೊಮ್ಮೆ ತಪ್ಪು ಅಕ್ಷರ ಹಿಡಿಯುತ್ತದೆ. ಹಿಡಿದ ಕೂಡಲೇ ಬಹುಪಾಲು ಅದಕ್ಕೇ ಗೊತ್ತಾಗುತ್ತದೆ, ಒಂದು ಹೆಜ್ಜೆ ಹಿಂದೆ ಬಂದು ಅಳಿಸಿ ಬರೆಯುತ್ತದೆ. ಅದರ ಕಣ್ಣು ತಪ್ಪಿಸಿಕೊಂಡದ್ದನ್ನು ಹುಡುಕಲು ಹಿಂದೆಯೇ ಕರಡು ತಿದ್ದುವ ಇನ್ನೊಂದು ತಂಡ ಬರುತ್ತದೆ. ಎಲ್ಲ ಮುಗಿದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಕ್ಕೆ ಒಂದು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಮನುಷ್ಯನ ಕೋಶದಲ್ಲಿರುವುದು ಸುಮಾರು 640 ಕೋಟಿ ಅಕ್ಷರ ಜೋಡಿ, ನೆಟ್ಟಗೆ ಎಳೆದರೆ ಎರಡು ಮೀಟರ್ ಉದ್ದ. ಅಷ್ಟನ್ನೂ ಎಂಟು ಗಂಟೆಯ ಆಸುಪಾಸಿನಲ್ಲಿ ಬರೆದು ಮುಗಿಸಿ, ಬೆರಳೆಣಿಕೆಯಷ್ಟು ತಪ್ಪು. ಅಚ್ಚುಮನೆಯಲ್ಲಿ ಕೆಲಸ ಮಾಡಿದವರು ಈ ಲೆಕ್ಕ ಕೇಳಿದರೆ ಕೈ ಮುಗಿದಾರು.

*

ಈಗ ಪಾಲಿನ ಮಾತು. ನಕಲಾದ ಮೇಲೆ ರಸಬಾಳೆಯ ಕೋಶದಲ್ಲಿ 33 ಇದ್ದದ್ದು 66 ಎಳೆಗಳಾಗಿವೆ, 33 ಜೋಡಿ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ ಇಬ್ಬರಿಗೂ 33 ಬಂದರೆ ಮುಗಿಯಿತು ಎನ್ನಬೇಡಿ. ಒಂದೊಂದು ಜೋಡಿಯಿಂದಲೂ ಆ ಕಡೆಗೊಂದು, ಈ ಕಡೆಗೊಂದೇ ಹೋಗಬೇಕು. ಒಬ್ಬನಿಗೆ ಏಳನೇ ವರ್ಣತಂತು ಎರಡು ಸಿಕ್ಕಿ, ಎಂಟನೆಯದು ಒಂದೂ ಸಿಗದಿದ್ದರೆ ಎಣಿಕೆ ಸರಿಯಿದ್ದೂ ಮನೆ ಮುಳುಗಿದಂತೆಯೇ. ಕೋಶ ಕಣ್ಣು ಮುಚ್ಚಿ ಒಂದೊಂದು ಎಳೆಯನ್ನೂ ಎರಡರಲ್ಲಿ ಒಂದು ಕಡೆಗೆ ಎಸೆದರೆ, ಒಂದು ಜೋಡಿ ಸರಿಯಾಗಿ ಬೇರಾಗುವ ಸಾಧ್ಯತೆ ಅರ್ಧ. ಮೂವತ್ತಮೂರೂ ಸರಿಯಾಗುವುದು 859 ಕೋಟಿಗೆ ಒಂದು ಸಲ. ಮನುಷ್ಯನ 46ಕ್ಕೆ ಇದೇ ಲೆಕ್ಕ ಹಾಕಿದರೆ 70 ಲಕ್ಷ ಕೋಟಿಗೆ ಒಂದು. ಕೋಶಗಳು ಹಾಗೆ ಜೂಜಾಡಿದ್ದರೆ ಬಾಳೆಯೂ ಇರುತ್ತಿರಲಿಲ್ಲ, ಅದನ್ನು ತಿನ್ನುವವರೂ ಇರುತ್ತಿರಲಿಲ್ಲ.

ಹಾಗಾದರೆ ಯಾವ ಎಳೆ ಯಾವುದರ ಜೋಡಿ ಎಂದು ಕೋಶ ಓದಿ ನೋಡುತ್ತದೆಯೇ? ಇಲ್ಲ. ಓದುವ ಗೋಜಿಗೇ ಅದು ಹೋಗುವುದಿಲ್ಲ. ಅದು ಮಾಡುವುದು ತೀರಾ ಸರಳ: ಜೋಡಿಯನ್ನು ಹುಟ್ಟಿದಾಗಿನಿಂದ ಬಿಡುವುದೇ ಇಲ್ಲ. ನಕಲಾಗುತ್ತಿರುವಾಗಲೇ ಎರಡೂ ಎಳೆಗಳನ್ನು ಒಟ್ಟಿಗೆ ಬಳಸಿ ಬಳೆಗಳು ಬೀಳುತ್ತವೆ. ಕೊಹೆಸಿನ್ ಎಂಬ ಪ್ರೋಟೀನಿನ ಬಳೆ. ಆಕಾರದಲ್ಲೂ ಅದು ಬಳೆಯೇ, ಎಳೆಗಳು ಅದರ ಒಳಗೆ ಹಾದಿರುತ್ತವೆ. ಇದರ ಗುಟ್ಟು ರಟ್ಟಾದದ್ದು 1997ರಲ್ಲಿ, ಅಂದರೆ ಫ್ಲೆಮಿಂಗ್ ಸೀಳು ನೋಡಿ ನೂರು ವರ್ಷ ದಾಟಿದ ಮೇಲೆ.

ಮುಂದಿನದು ಹಗ್ಗಜಗ್ಗಾಟ. ಕೋಶದ ಎರಡು ತುದಿಗಳ ನಡುವೆ ಸಣ್ಣ ನಳಿಗೆಗಳ ಒಂದು ಚೌಕಟ್ಟು ಎದ್ದು ನಿಲ್ಲುತ್ತದೆ. ನಡುವೆ ಉಬ್ಬಿ ತುದಿಗಳಲ್ಲಿ ಚೂಪಾದ ಈ ರೂಪಕ್ಕೆ ನೂಲು ತುಂಬಿದ ಕದಿರಿನ ಹೋಲಿಕೆಯೇ ಸರಿ. ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥವೂ ಕದಿರು ಎಂದೇ. ಪ್ರತಿ ಎಳೆಗೂ ಒಂದು ಹಿಡಿ ಇರುತ್ತದೆ, ಜೋಡಿಯ ಎರಡು ಹಿಡಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಕದಿರಿನ ನಳಿಗೆಗಳು ಕತ್ತಲಲ್ಲಿ ಕೈಯಾಡಿಸಿದಂತೆ ಬೆಳೆಯುತ್ತ, ಕುಗ್ಗುತ್ತ, ಮತ್ತೆ ಬೆಳೆಯುತ್ತ ಈ ಹಿಡಿಗಳನ್ನು ಹುಡುಕುತ್ತವೆ. ಒಂದು ಹಿಡಿ ಬಡಗಣ ತುದಿಗೆ, ಇನ್ನೊಂದು ತೆಂಕಣ ತುದಿಗೆ ಸಿಕ್ಕರೆ ಎರಡೂ ಕಡೆ ಎಳೆತ ಬೀಳುತ್ತದೆ. ಬಳೆ ಬಿಡುವುದಿಲ್ಲವಾದ್ದರಿಂದ ಹಗ್ಗ ಬಿಗಿಯುತ್ತದೆ. ಎರಡೂ ಹಿಡಿ ಒಂದೇ ತುದಿಗೆ ಸಿಕ್ಕಿಕೊಂಡರೆ? ಎದುರು ಎಳೆಯುವವರಿಲ್ಲ, ಹಗ್ಗ ಸಡಿಲ. ಸಡಿಲವಾದ ಹಿಡಿತವನ್ನು ಕೋಶ ಉಳಿಸಿಕೊಳ್ಳುವುದಿಲ್ಲ, ಕಳಚಿ ಹಾಕಿ ಮತ್ತೆ ಹುಡುಕಲು ಬಿಡುತ್ತದೆ. ಹಗ್ಗ ಬಿಗಿದಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯಲ್ಲಿ, ಇವೆರಡು ಜೋಡಿಯೇ, ಎದುರುಬದುರು ಹೊರಟಿವೆಯೇ ಎಂಬೆರಡಕ್ಕೂ ಉತ್ತರ ಸಿಕ್ಕಿಬಿಡುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿದವರು ಅಮೆರಿಕದ ಬ್ರೂಸ್ ನಿಕ್ಲಾಸ್. ಮಿಡತೆಯ ಕೋಶದೊಳಗೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿ ತೂರಿಸಿ ವರ್ಣತಂತುಗಳನ್ನು ಜಗ್ಗಿ ನೋಡುವುದು ಅವರ ಕಸುಬು. 1995ರಲ್ಲಿ ಅವರ ಪ್ರಯೋಗಾಲಯ ಆರಿಸಿಕೊಂಡದ್ದು ಸೂರ್ಯನ ಕುದುರೆ ಎಂದು ನಾವು ಕರೆಯುವ ಹುಳುವನ್ನು. ಅದರ ವೀರ್ಯಾಣು ತಯಾರಾಗುವ ಕೋಶಗಳಲ್ಲಿ ಒಮ್ಮೊಮ್ಮೆ ಒಂದು ವರ್ಣತಂತು ಜೊತೆ ತಪ್ಪಿ ಒಂಟಿಯಾಗುತ್ತದೆ, ಎದುರು ಎಳೆತ ಇರುವುದಿಲ್ಲ. ಆ ಒಂಟಿಗಾಗಿ ಇಡೀ ಕೋಶ ಗಂಟೆಗಟ್ಟಲೆ ಕಾಯುತ್ತದೆ, ಉಳಿದವರೆಲ್ಲ ಸಿದ್ಧರಿದ್ದರೂ ವಿಭಜನೆ ಮುಂದುವರಿಯುವುದಿಲ್ಲ. ಅವರು ಸೂಜಿಯಿಂದ ಆ ಒಂಟಿ ತಂತುವನ್ನು ಹಿಂದಕ್ಕೆ ಜಗ್ಗಿ ಹಿಡಿದರು. ಹಗ್ಗ ಬಿಗಿಯಿತು. ಕೋಶ ಮೋಸಹೋಗಿ ಮುಂದಿನ ಹೆಜ್ಜೆ ಇಟ್ಟಿತು. ಅದು ಮೈಟಾಸಿಸ್ ಅಲ್ಲ, ಲೈಂಗಿಕ ಕೋಶಗಳ ಬೇರೆ ಬಗೆಯ ವಿಭಜನೆ, ಆದರೆ ಬಿಗಿತ ನೋಡಿ ನಂಬುವ ಬುದ್ಧಿ ಎರಡಕ್ಕೂ ಒಂದೇ.

ಕೊನೆಯ ಜೋಡಿಯೂ ಬಿಗಿದ ಮೇಲೆ ಕೋಶದಲ್ಲಿ ಒಂದು ಕತ್ತರಿಗೆ ಅಪ್ಪಣೆ ಸಿಗುತ್ತದೆ. ಸೆಪರೇಸ್ ಎಂಬ ಕಿಣ್ವ. ಅದು ಬಳೆಗಳನ್ನು ಕತ್ತರಿಸುತ್ತದೆ, ಒಂದೊಂದಾಗಿ ನಿಧಾನಕ್ಕಲ್ಲ, ಎಲ್ಲ ಜೋಡಿಗಳನ್ನೂ ಹೆಚ್ಚುಕಡಿಮೆ ಒಟ್ಟಿಗೇ. ನಾನು ಅಂದು ಈರುಳ್ಳಿಯಲ್ಲಿ ಕಂಡದ್ದು ಬಳೆ ಒಡೆದ ಮರುಗಳಿಗೆಯನ್ನು.

*

ಈ ಜಗ್ಗಾಟದಲ್ಲಿ ಹಗ್ಗವನ್ನೇ ಕದ್ದರೆ ಏನಾಗುತ್ತದೆ? ಮಳೆಗಾಲದಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವನ್ನು ನೋಡಿದ್ದೀರಲ್ಲ, ಅಗ್ನಿಶಿಖೆ ಎಂದೂ ಹೇಳುತ್ತಾರೆ. ಅದರ ಗಡ್ಡೆ ವಿಷ. ಆ ವಿಷದ ಹೆಸರು ಕೋಲ್ಚಿಸಿನ್. ಕದಿರಿನ ನಳಿಗೆಗಳು ಕಟ್ಟಿಕೊಳ್ಳದಂತೆ ಮಾಡುವುದು ಅದರ ಕೆಲಸ. ನಕಲು ಮುಗಿದಿರುತ್ತದೆ, ಪಾಲು ನಡೆಯುವುದಿಲ್ಲ, ಎರಡೂ ಪಾಲು ಒಂದೇ ಮನೆಯಲ್ಲಿ ಉಳಿದುಬಿಡುತ್ತದೆ. ಗಿಡಗಳು ಇದನ್ನು ಸಹಿಸಿಕೊಳ್ಳುತ್ತವೆ, ಎಷ್ಟೋ ಸಲ ಎಲೆ ಹೂವು ದಪ್ಪವಾಗುತ್ತವೆ. ತಲಶ್ಶೇರಿಯಲ್ಲಿ ಹುಟ್ಟಿ, ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತು ಎಣಿಸಿದ ಜಾನಕಿ ಅಮ್ಮಾಳ್ ಇಂಗ್ಲೆಂಡಿನ ವಿಸ್ಲಿ ತೋಟದಲ್ಲಿದ್ದಾಗ ಮ್ಯಾಗ್ನೋಲಿಯ ಸಸಿಗಳಿಗೆ ಈ ಕೋಲ್ಚಿಸಿನ್ ಹಾಕಿ ವರ್ಣತಂತು ಇಮ್ಮಡಿ ಮಾಡಿದರು. ಅವರ ಹೆಸರಿನ ಮ್ಯಾಗ್ನೋಲಿಯ ಒಂದು ಈಗಲೂ ಇದೆ. ಮನುಷ್ಯನಿಗಿರುವುದು 48 ಅಲ್ಲ, 46 ವರ್ಣತಂತು ಎಂದು 1956ರಲ್ಲಿ ಟಿಯೊ ಮತ್ತು ಲೆವಾನ್ ಎಣಿಸಿದ್ದೂ ಕೋಶಗಳನ್ನು ಇದೇ ವಿಷದಿಂದ ಅರ್ಧ ದಾರಿಯಲ್ಲಿ ನಿಲ್ಲಿಸಿ. ಮನೆಯಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಕೂಡ ಕದಿರಿನ ಶತ್ರುವೇ. ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಮದ್ದಾಗಿರುವುದು, ಮಿತಿಯಿಲ್ಲದೆ ಒಡೆಯುವ ಕೋಶಗಳನ್ನು ಜಗ್ಗಾಟದ ನಡುವೆಯೇ ತಡೆಯುವುದರಿಂದ.

ರೂ ದಾರಿ ತಪ್ಪಿದ ಕಥೆ ಬಾಕಿ ಇದೆ. ಕೋಶಗಳೆಲ್ಲ ಒಂದೇ ಆದರೆ ಎಲೆ ಎಲೆಯಾಗಿ, ಬೇರು ಬೇರಾಗಿ ಏಕಿದೆ? ಈ ಪ್ರಶ್ನೆಗೆ ಹೆದರಿ ಅವನೂ, ವೈಸ್‌ಮನ್ ಎಂಬ ಇನ್ನೊಬ್ಬ ದೊಡ್ಡ ವಿದ್ವಾಂಸನೂ, ಭ್ರೂಣ ಬೆಳೆಯುತ್ತ ಹೋದಂತೆ ಸರಕು ಹಂಚಿಹೋಗುತ್ತದೆ, ಕಣ್ಣಿಗೆ ಕಣ್ಣಿನದಷ್ಟೇ ಸಿಗುತ್ತದೆ ಎಂದುಬಿಟ್ಟರು. ಆದರೆ ಡ್ರೀಶ್ ಎಂಬ ವಿಜ್ಞಾನಿ 1891ರಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಕಡಲಜೀವಿಯ ಭ್ರೂಣ ಎರಡು ಕೋಶವಾಗಿದ್ದಾಗ ಕುಲುಕಿ ಬೇರೆ ಮಾಡಿದ. ಅರ್ಧರ್ಧ ಜೀವಿ ಬರಲಿಲ್ಲ, ಚಿಕ್ಕದಾದರೂ ಪೂರ್ತಿಯಾದ ಮರಿಗಳು ಬಂದವು. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಹಾಕಿ ಮತ್ತೆ ಕಪ್ಪೆ ಬೆಳೆಸಿದ್ದನ್ನು ಪ್ರಕಟಿಸಿದ ಮೇಲೆ ವಾದ ಹೆಚ್ಚು ಉಳಿಯಲಿಲ್ಲ. ಪಂಚಾಂಗ ಊರಿಗೆಲ್ಲ ಒಂದೇ, ಮದುವೆ ಮನೆಯವರು ತೆರೆಯುವ ಪುಟ ಬೇರೆ, ಬಿತ್ತನೆಗೆ ಹೊರಟವರು ತೆರೆಯುವ ಪುಟ ಬೇರೆ. ಬಾಳೆಯ ಗಡ್ಡೆಯ ಅಂಚಿನ ಒಂದು ಮೊಗ್ಗು ಇಡೀ ಗಿಡವಾಗಿ ಏಳುವುದು ಅದರ ಕೈಯಲ್ಲಿ ಪಂಚಾಂಗ ಪೂರ್ತಿ ಇರುವುದರಿಂದ.

‘ಒಂದೇ’ ಎನ್ನುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಬಳೆ, ಕದಿರು, ಕತ್ತರಿಯ ಈ ಶಿಸ್ತೆಲ್ಲ ಕೋಶಕೇಂದ್ರದ ಡಿಎನ್‌ಎಗೆ. ಕೋಶದ ಉಗ್ರಾಣದಲ್ಲಿರುವ ಮೈಟೋಕಾಂಡ್ರಿಯಗಳಿಗೂ ಅವುಗಳದೇ ಪುಟ್ಟ ಡಿಎನ್‌ಎ ಇದೆ, ಅವನ್ನು ಹೀಗೆ ಜೋಡಿ ಎಣಿಸಿ ಹಂಚುವವರಿಲ್ಲ, ಯಾವ ಕಡೆ ಎಷ್ಟು ಸಿಕ್ಕಿತೋ ಅಷ್ಟು. ರೋಗ ಎದುರಿಸುವ ನಮ್ಮ ಲಿಂಫೋಸೈಟ್‌ಗಳು ಜೀನ್‌ಗಳನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಇನ್ನು ಕರಡು ತಿದ್ದುವವರ ಕಣ್ಣು ತಪ್ಪಿದ ಪಾಠಾಂತರಗಳು ಇದ್ದೇ ಇವೆ. ಕೆಂಪು ಬಾಳೆಯ ತೋಟದಲ್ಲಿ ಅಪರೂಪಕ್ಕೊಮ್ಮೆ ಒಂದು ಕಂದು ಹಸಿರು ಕಾಂಡ, ಹಸಿರು ಕಾಯಿಯ ಗಿಡವಾಗಿ ಏಳುತ್ತದೆ. ಯಾರೂ ಕದ್ದು ಬದಲಿಸಿದ್ದಲ್ಲ, ಯಾವುದೋ ಒಂದು ವಿಭಜನೆಯಲ್ಲಿ ಏನೋ ಜಾರಿತು. ಅದರ ಕಂದು ನೆಟ್ಟರೆ ಮುಂದೆ ಹಸಿರೇ, ಏಕೆಂದರೆ ಮೈಟಾಸಿಸ್ ತಪ್ಪನ್ನೂ ಸರಿಯಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ.

*

ಒಂದೇ ಆಗಿರುವುದಕ್ಕೆ ತೋಟದಲ್ಲಿ ಬೆಲೆ ತೆರಬೇಕಾಗುತ್ತದೆ. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ನುಗ್ಗಿ ನೀರಿನ ದಾರಿ ಕಟ್ಟುತ್ತದೆ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ಮುರಿದು, ದಿಂಡಿನ ಸುತ್ತ ಲಂಗದಂತೆ ಜೋಲುತ್ತದೆ. ಬುಡ ಸೀಳುತ್ತದೆ. ಒಂದು ಬುಡದಲ್ಲಿ ದಾರಿ ಕಂಡುಕೊಂಡ ಶಿಲೀಂಧ್ರಕ್ಕೆ ಪಕ್ಕದ ಬುಡದಲ್ಲಿ ಹೊಸದಾಗಿ ಹುಡುಕುವುದೇನೂ ಇಲ್ಲ, ಎಲ್ಲ ಬುಡಗಳಲ್ಲೂ ಅದೇ ಬಾಗಿಲು, ಅದೇ ಚಿಲಕ. ಮಧ್ಯ ಅಮೆರಿಕದಿಂದ ಜಗತ್ತಿಗೆಲ್ಲ ಹೋಗುತ್ತಿದ್ದ ಗ್ರೋ ಮಿಶೆಲ್ ಬಾಳೆ ಇದರಿಂದಲೇ 1960ರ ದಶಕದ ಹೊತ್ತಿಗೆ ರಫ್ತಿನ ಮಾರುಕಟ್ಟೆಯಿಂದ ಎದ್ದುಹೋಯಿತು. ಆ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆ ಮತ್ತು ಜಿ-9ರ ಬಳಗ. ಈಗ ಅದನ್ನೂ ಹಿಡಿಯುವ ಹೊಸ ತಳಿಯ ಶಿಲೀಂಧ್ರ ಹುಟ್ಟಿಕೊಂಡು, ಬಿಹಾರದ ತೋಟಗಳಲ್ಲೂ ಕಾಣಿಸಿದೆ. ನಂಜನಗೂಡು ರಸಬಾಳೆ ಮೊದಲಿನ ತಳಿಗೇ ಬಲಿಯಾಯಿತು. ಊರಿನ ಹೆಸರು ಹಣ್ಣಿನ ಮೇಲೆ ಉಳಿಯಿತು, ಊರಿನಲ್ಲಿ ಹಣ್ಣು ಬಹುಮಟ್ಟಿಗೆ ಉಳಿಯಲಿಲ್ಲ. ರೈತ ನಂಬಿಕೆಯಿಂದ ಕೊಟ್ಟ ಕಂದೇ ತನ್ನ ಗಡ್ಡೆಯೊಳಗೆ ಶಿಲೀಂಧ್ರವನ್ನೂ ಒಯ್ಯುತ್ತಿತ್ತು.

ಅಂಗಾಂಶ ಕೃಷಿಯ ಗಿಡಗಳು ಬಂದದ್ದು ಇದಕ್ಕೆ ಒಂದು ಉತ್ತರವಾಗಿ. ಬೆಳೆಯುವ ಕುಡಿಯ ಚೂರನ್ನು ಬಾಟಲಿಯಲ್ಲಿ ಬೆಳೆಸಿ, ರೋಗವಿಲ್ಲದ ಸಾವಿರಾರು ಸಸಿ ತೆಗೆಯುತ್ತಾರೆ. ಅದೂ ಮೈಟಾಸಿಸ್ಸೇ, ಓಟ ಮಾತ್ರ ಜೋರು. ಓಟ ಜೋರಾದಾಗ ಪಾಠಾಂತರಗಳೂ ಸ್ವಲ್ಪ ಜಾಸ್ತಿ. ಎಲೆ ಕಿರಿದಾದದ್ದು, ಕುಳ್ಳಾದದ್ದು, ಬಣ್ಣ ಕೆಟ್ಟದ್ದು ಕಂಡರೆ ನರ್ಸರಿಯವರು ಕಿತ್ತು ಎಸೆಯುತ್ತಾರೆ. ತೈವಾನಿನ ಬಾಳೆ ಸಂಶೋಧನಾ ಸಂಸ್ಥೆಯವರು ಅಂಥ ಬೇರೆ ಥರದವನ್ನೇ ರೋಗವಿರುವ ಮಣ್ಣಿನಲ್ಲಿ ನೆಟ್ಟು, ಬದುಕಿದ್ದನ್ನು ಆರಿಸಿ, ಮತ್ತೆ ಅದರ ಪಡಿಯಚ್ಚು ತೆಗೆದರು. ಹೊಸ ಶಿಲೀಂಧ್ರವನ್ನು ಒಂದು ಮಟ್ಟಿಗೆ ತಾಳುವ ಕ್ಯಾವೆಂಡಿಶ್ ತಳಿಗಳು ಅವರಿಗೆ ಸಿಕ್ಕಿದ್ದು ಹೀಗೆ, ನಕಲಿನಲ್ಲಿ ಜಾರಿದ ಅಕ್ಷರಗಳ ನಡುವೆ.

ಕಾರ್ತಿಕದಲ್ಲಿ ಮತ್ತೆ ಮಾರುಕಟ್ಟೆಗೆ ಹೋದಾಗ ಹಿರಿಯರ ಮುಂದೆ ರಸಬಾಳೆ ಇರಲಿಲ್ಲ, ಏಲಕ್ಕಿ ಬಾಳೆ ಇತ್ತು. ಕೇಳಿದೆ. “ಆ ತೋಟ ಸೊರಗೋಯ್ತು ಕಣಮ್ಮ. ಈಗ ಬೇರೆ ಹೊಲದಲ್ಲಿ ಲ್ಯಾಬಿಂದು ತಂದು ಹಾಕವ್ರೆ, ಬರೋ ವರ್ಷ ಗೊನೆ ಬರ್ತದೆ.” ರುಚಿ ಅದೇ ಇರುತ್ತದೆಯೇ ಎಂದೆ. ಅವರಿಗೆ ನಗು ಬಂತು. “ಅದರದೇ ಮರಿ ಅಲ್ವಾ, ಇನ್ಯಾವ ರುಚಿ ಬರ್ತದೆ?” ಅನ್ನುತ್ತ ಏಲಕ್ಕಿಯ ಚಿಪ್ಪನ್ನು ತಕ್ಕಡಿಗೆ ಹಾಕಿದರು.